ಬೈಗುಳದ ನಡುವೆ ಖಾಕಿಯ ಕಸುವು: ಪೊಲೀಸರಿಗೆ 12 ಸೂತ್ರಗಳು

ಶಂಕರ್‌ನಾಗ್ ‘ಸಾಂಗ್ಲಿಯಾನ’ ಆಗಿ ತೆರೆಗೆ ಬಂದಾಗ ಶಿಳ್ಳೆ ಹೊಡೆದವರು ನಾವೇ. ಸಾಯಿಕುಮಾರ್ ‘ಪೊಲೀಸ್ ಸ್ಟೋರಿ’ಯಲ್ಲಿ ಗುಡುಗಿದಾಗ ಚಪ್ಪಾಳೆ ತಟ್ಟಿದವರೂ ನಾವೇ. ಥಿಯೇಟರ್‌ನಿಂದ ಹೊರಬಂದು ಹೆಲ್ಮೆಟ್ ಇಲ್ಲದೆ ಬೈಕ್ ಏರಿ, ಮುಂದಿನ ಸರ್ಕಲ್‌ನಲ್ಲಿ ತಡೆದ ಕಾನ್‌ಸ್ಟೇಬಲ್ ಕಡೆ ನೋಡಿ “ಇವರಿಗೆ ಬೇರೆ ಕೆಲಸ ಇಲ್ವಾ” ಎಂದು ಗೊಣಗುವವರೂ ನಾವೇ. ತೆರೆಯ ಮೇಲಿನ ಖಾಕಿಗೆ ಸಿಗುವ ಮರ್ಯಾದೆಯ ಕಾಲುಭಾಗವೂ ಬಿಸಿಲಲ್ಲಿ ನಿಂತ ಖಾಕಿಗೆ ಸಿಗುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದು ನೋಯಿಸುತ್ತದೆ. ವರ್ಷಗಳು ಉರುಳಿದಂತೆ ಆ ನೋವು “ಏನು ಮಾಡಿದರೂ ಅಷ್ಟೇ ಬಿಡಿ” ಎಂಬ ಮಾತಾಗಿ ಗಟ್ಟಿಯಾಗುತ್ತದೆ. ಆ ಮಾತು ನಾಲಿಗೆಗೆ ಬಂದ ದಿನದಿಂದ ಕೆಲಸ ಕೆಡುತ್ತದೆ. ಕೆಲಸ ಕೆಟ್ಟರೆ ಜನ ಇನ್ನಷ್ಟು ಬೈಯುತ್ತಾರೆ. ಈ ಸುತ್ತನ್ನು ಕಡಿಯಲು ಜನ ಬದಲಾಗಲಿ ಎಂದು ಕಾಯುತ್ತ ಕೂರಬೇಕಿಲ್ಲ. ಜನರ ಮೆಚ್ಚುಗೆ ಏರಲಿ, ಇಳಿಯಲಿ, ನಿಮ್ಮ ಕೆಲಸದ ಅಳತೆಗೋಲು ನಿಮ್ಮ ಕೈಯಲ್ಲೇ ಇರಲಿ. ಅದಕ್ಕೆ ಇಲ್ಲಿವೆ 12 ಸೂತ್ರಗಳು.

1. ಬೈಗುಳವನ್ನು ವಿಂಗಡಿಸಿ

ಎಲ್ಲ ಬೈಗುಳವೂ ಒಂದೇ ಅಲ್ಲ. ಮೊದಲನೆಯದು ಸಮವಸ್ತ್ರದ ಚರಿತ್ರೆಗೆ ಬೀಳುವ ಬೈಗುಳ. 1857ರ ದಂಗೆಯ ಬಳಿಕ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದಾಗ ಜನರ ಸೇವೆಗಿಂತ ಜನರನ್ನು ಹದ್ದುಬಸ್ತಿನಲ್ಲಿಡುವುದೇ ಮುಖ್ಯವಾಗಿತ್ತು. ಅಜ್ಜಂದಿರ ಕಾಲದ ಆ ಭಯ, ಆ ಸಿಟ್ಟು ಇಂದಿಗೂ ಪೂರ್ತಿ ಆರಿಲ್ಲ. ನೀವು ಹುಟ್ಟುವ ಮೊದಲೇ ಬರೆದಿಟ್ಟ ಸಾಲ ಅದು. ಎರಡನೆಯದು ನಿಯಮಕ್ಕೆ ಬೀಳುವ ಬೈಗುಳ: ದಂಡ ಕಟ್ಟಿದವನು ರಸೀದಿ ಕೊಟ್ಟವರನ್ನೇ ಬೈಯುತ್ತಾನೆ. ಅವನ ಸಿಟ್ಟು ಮುಂದಿನ ಸಿಗ್ನಲ್ ದಾಟುವಷ್ಟರಲ್ಲಿ ಇಳಿದಿರುತ್ತದೆ. ನೀವು ಅದನ್ನು ರಾತ್ರಿವರೆಗೆ ಹೊತ್ತು ತಿರುಗುವುದೇಕೆ?

ಮೂರನೆಯದು ಮಾತ್ರ ನೇರವಾಗಿ ನಿಮಗೆ, ನಿಮ್ಮ ನಡವಳಿಕೆಗೆ ಬಿದ್ದದ್ದು. ಅದೊಂದನ್ನು ಕೂತು ಯೋಚಿಸಿ. ಉಳಿದೆರಡನ್ನು ಪಾಯಿಂಟ್ ಡ್ಯೂಟಿ ಮುಗಿದ ಜಾಗದಲ್ಲೇ ಬಿಟ್ಟು ಬನ್ನಿ.

2. ಹೂಮಳೆಗೂ ಉಬ್ಬಬೇಡಿ

2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಪೊಲೀಸರನ್ನು ಕೊರೊನಾ ಯೋಧರು ಎಂದು ಕರೆದು ಬಾಲ್ಕನಿಯಿಂದ ಚಪ್ಪಾಳೆ ತಟ್ಟಿದರು, ಬೀದಿಯಲ್ಲಿ ಹೂವು ಎರಚಿದರು. ಲಾಠಿ ಬೀಸಿದ ವಿಡಿಯೊಗಳು ಮೊಬೈಲಿಗೆ ಬಂದದ್ದೇ ತಡ, ಅದೇ ಮನೆಗಳಲ್ಲಿ ಶಾಪವೂ ಕೇಳಿಬಂತು. ಹೂವಿಗೆ ಹಿಗ್ಗಿದವರು ಶಾಪಕ್ಕೆ ಅಷ್ಟೇ ಕುಗ್ಗಿದರು.

ಚಪ್ಪಾಳೆ ಬಂದರೆ ಸಂತೋಷಪಡಿ, ಆದರೆ ಅದನ್ನೇ ನೆಚ್ಚಿಕೊಂಡು ಡ್ಯೂಟಿಗೆ ಹೋಗಬೇಡಿ. ಹೊಗಳಿಕೆಯ ಮೇಲೆ ನಿಂತ ಹುರುಪು ಹೊಗಳಿಕೆ ನಿಂತ ದಿನ ಕುಸಿಯುತ್ತದೆ.

3. ಹುರುಳಿರುವ ದೂರನ್ನು ಒಪ್ಪಿಕೊಳ್ಳಿ

ಜನರ ಸಿಟ್ಟೆಲ್ಲ ಅನ್ಯಾಯದ್ದು ಎಂದುಕೊಂಡರೆ ನಿಮಗೇ ನಷ್ಟ. ಬೆಂಗಳೂರಿನಲ್ಲಿ ಟೋಯಿಂಗ್ ವಾಹನಗಳ ವಿರುದ್ಧ ಆಕ್ರೋಶ ಹೆಚ್ಚಾಗಿ 2022ರ ಫೆಬ್ರುವರಿಯಲ್ಲಿ ಸರ್ಕಾರ ಟೋಯಿಂಗ್ ನಿಲ್ಲಿಸಿತು. ಅದೇ ವರ್ಷದ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದಿದ್ದರೆ ಬರೀ ದಾಖಲೆ ನೋಡಲು ವಾಹನ ತಡೆಯಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ರಸ್ತೆಯ ಗೊಣಗಾಟದಲ್ಲಿ ಹುರುಳಿದ್ದುದರಿಂದಲೇ ಆ ಮಾತು ಮೇಲಿನವರೆಗೆ ಮುಟ್ಟಿತು.

ಇಲಾಖೆಯಲ್ಲಿ ಲಂಚ ಕೇಳುವವರಿದ್ದಾರೆ, ಠಾಣೆಯಲ್ಲಿ ಕೈ ಮಾಡುವವರಿದ್ದಾರೆ. ಒಬ್ಬ ಕೈಯೊಡ್ಡಿದರೆ ಇಡೀ ಠಾಣೆಯ ಮುಖಕ್ಕೆ ಮಸಿ. “ಎಲ್ಲ ಕಡೆ ಇರೋದೇ ಅಲ್ವಾ” ಎಂದು ಅದನ್ನು ಸಮರ್ಥಿಸಲು ಹೊರಟರೆ ಅವನ ಮಸಿಯಲ್ಲಿ ನಿಮ್ಮ ಪಾಲನ್ನೂ ಕೇಳಿ ಪಡೆದಂತೆ. ತಪ್ಪನ್ನು ತಪ್ಪು ಎನ್ನಿ, ನಿಮ್ಮ ಕೈ ಸ್ವಚ್ಛವಾಗಿಟ್ಟುಕೊಳ್ಳಿ. ಶುದ್ಧ ಕೈಯವರಿಗೆ ಬೈಗುಳ ತಾಗುವ ಪರಿಯೇ ಬೇರೆ.

4. ಮೊದಲ ಎರಡು ನಿಮಿಷ ಗೆಲ್ಲಿ

ಠಾಣೆಯ ಮೆಟ್ಟಿಲು ಹತ್ತುವವರಲ್ಲಿ ಅನೇಕರು ಬದುಕಿನಲ್ಲಿ ಮೊದಲ ಸಲ ಹತ್ತುತ್ತಿರುತ್ತಾರೆ. ಕಳುವಾಗಿದೆ, ಹೊಡೆತ ಬಿದ್ದಿದೆ, ಮಗಳು ಮನೆಗೆ ಬಂದಿಲ್ಲ. ಸೆಂಟ್ರಿ ಆಡುವ ಮೊದಲ ಮಾತೇ ಅವರ ಪಾಲಿಗೆ ಇಡೀ ಪೊಲೀಸ್ ಇಲಾಖೆ.

ಮೂರು ಕೆಲಸ ಸಾಕು: ಕೂರಲು ಕುರ್ಚಿ, ಕುಡಿಯಲು ನೀರು, ಬಹುವಚನದಲ್ಲಿ ಮಾತು. ಬಟ್ಟೆ ನೋಡಿ ಏಕವಚನಕ್ಕಿಳಿಯುವ ಚಾಳಿ ಬಿಡಿ. ಕೂಲಿಗೆ ಹೋಗುವ ಅಜ್ಜಿಗೆ “ಬನ್ನಿ ಅಮ್ಮ, ಏನಾಯ್ತು?” ಎಂದು ಕೇಳಲು ಬಜೆಟ್ ಬೇಕಿಲ್ಲ, ಮೇಲಿನವರ ಆದೇಶವೂ ಬೇಕಿಲ್ಲ. ದೂರು ಬಗೆಹರಿಯದಿದ್ದರೂ “ಕೂರಿಸಿ ಮಾತಾಡಿಸಿದರು” ಎಂಬುದು ಊರಲ್ಲಿ ಉಳಿಯುತ್ತದೆ. ದಿನಕ್ಕೆ ಐದಾರು ಮಂದಿಯ ಮುಖದ ಗಂಟು ಸಡಿಲಾಗುವುದನ್ನು ಕಣ್ಣಾರೆ ಕಂಡವರಿಗೆ ಕೆಲಸದ ಮೇಲೆ ಬೇಸರ ಅಷ್ಟು ಸುಲಭವಾಗಿ ಹತ್ತುವುದಿಲ್ಲ.

5. ಕಾನೂನು ಓದಿ, ದನಿ ತಗ್ಗಿಸಿ

ಎದುರಿನವನು ವಾದಕ್ಕೆ ನಿಂತಾಗ ಕೂಗಾಡುವುದು ಬಹುತೇಕ ಸೆಕ್ಷನ್ ಗೊತ್ತಿಲ್ಲದವರು. ತಿಳಿದವರ ದನಿ ತಾನಾಗಿಯೇ ತಗ್ಗುತ್ತದೆ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಹಿರಿಯರೂ ಕಿರಿಯರೂ ಒಂದೇ ಗೆರೆಯ ಮೇಲೆ ನಿಂತು ಹೊಸದಾಗಿ ಕಲಿಯಬೇಕಾದ ಕಾಲ ಇದು. ಮೊದಲು ಓದಿಕೊಂಡ ಪಿಸಿಯ ಮಾತಿಗೆ ಠಾಣೆಯಲ್ಲಿ ತೂಕ ಬರುತ್ತದೆ.

ನಾಗರಿಕ ಸುರಕ್ಷಾ ಸಂಹಿತೆಯ ನಾಲ್ಕು ಸೆಕ್ಷನ್‌ಗಳಿಂದ ಶುರು ಮಾಡಿ. 173: ಅಪರಾಧ ಎಲ್ಲೇ ನಡೆದಿರಲಿ ದೂರು ಪಡೆಯಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. “ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ” ಎಂದು ಕಳಿಸುವ ಕಾಲ ಮುಗಿಯಿತು. 105: ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು. 35: ಯಾವಾಗ ಬಂಧನ, ಯಾವಾಗ ಬರೀ ನೋಟಿಸ್ ಎಂಬುದು ಇಲ್ಲಿದೆ; ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು. 193: ತನಿಖೆ ಎಲ್ಲಿಗೆ ಬಂತು ಎಂದು ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು.

ಈ ಕೊನೆಯದನ್ನು ತಪ್ಪದೆ ಮಾಡಿ ನೋಡಿ. “ಕಂಪ್ಲೇಂಟ್ ಕೊಟ್ಟು ಮೂರು ತಿಂಗಳಾಯ್ತು, ಕೇಳೋರಿಲ್ಲ” ಎಂಬ ಸಿಟ್ಟಿನ ಬೇರೇ ಅಲ್ಲಿದೆ. ಕಳ್ಳ ಸಿಕ್ಕಿಲ್ಲ ಎಂದು ಹೇಳಲಾದರೂ ಒಂದು ಫೋನ್ ಮಾಡಿ.

6. ಕ್ಯಾಮೆರಾ ಎದುರಿಗಿದೆ ಎಂದೇ ನಡೆದುಕೊಳ್ಳಿ

ನಿಜಕ್ಕೂ ಎದುರಿಗಿದೆ. ಪ್ರತಿ ಕೈಯಲ್ಲೂ ಮೊಬೈಲ್, ಬೆಂಗಳೂರು ಸಂಚಾರ ಪೊಲೀಸರ ಎದೆಯ ಮೇಲೆ ಬಾಡಿ ಕ್ಯಾಮೆರಾ. ಠಾಣೆಗಳಲ್ಲೂ ಸಿಸಿ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ನಿರ್ದೇಶನ ಕೊಟ್ಟಿದೆ. ಅರ್ಧ ಗಂಟೆ ಸಹಿಸಿಕೊಂಡದ್ದನ್ನು ಯಾರೂ ತೋರಿಸುವುದಿಲ್ಲ, ಕೊನೆಯ ಹತ್ತು ಸೆಕೆಂಡಿನ ಕಪಾಳಮೋಕ್ಷ ಸಂಜೆಯೊಳಗೆ ರಾಜ್ಯವೆಲ್ಲ ಸುತ್ತುತ್ತದೆ. ಇದು ಅನ್ಯಾಯ ಅನ್ನಿಸಬಹುದು. ಆದರೆ ಬಾಡಿ ಕ್ಯಾಮೆರಾ ಆ ಅರ್ಧ ಗಂಟೆಗೂ ಸಾಕ್ಷಿ. ಅದನ್ನು ಆನ್ ಮಾಡುವುದು ನಿಮ್ಮ ರಕ್ಷಣೆಗೇ.

ಕರ್ತವ್ಯದಲ್ಲಿರುವಾಗ ಮೈ ಮುಟ್ಟಿದರೆ, ಹಲ್ಲೆಗಿಳಿದರೆ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಇದೆ. ಹಿಂಜರಿಯದೆ ಕೇಸ್ ದಾಖಲಿಸಿ, ರಾಜಿಗೆ ಒತ್ತಡ ಬಂದರೂ ಮಣಿಯಬೇಡಿ. ಹಲ್ಲೆಗಾಗಿ ಇರುವ ಆ ಸೆಕ್ಷನ್ನನ್ನು ಎದುರುತ್ತರ ಕೊಟ್ಟವನ ಮೇಲೆ ಎಳೆದು ತಂದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಜವಾಗಿ ಪೆಟ್ಟು ತಿಂದ ಸಹೋದ್ಯೋಗಿಯ ಕೇಸೂ ಹಗುರಾಗುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಸಿಟ್ಟು ನೆತ್ತಿಗೇರಿದಾಗ ಜತೆಗಿರುವವರಿಗೆ “ನೀವು ಮಾತಾಡಿ” ಎಂದು ಹೇಳಿ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಅದರಿಂದ ಯಾರ ಖದರೂ ಇಳಿಯುವುದಿಲ್ಲ.

7. ಬೀಟ್‌ನಲ್ಲಿ ಹೆಸರು ಗಳಿಸಿ

‘ಪೊಲೀಸ್’ ಎಂಬ ಗುಂಪನ್ನು ಬೈಯುವುದು ಸುಲಭ, ಹೆಸರು ಹಿಡಿದು ಕರೆಯುವ ಮನುಷ್ಯನನ್ನು ಬೈಯುವುದು ಕಷ್ಟ. ಜನರ ಜತೆ ಸಂಬಂಧ ಬೆಳೆಸಲೆಂದೇ 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಗಿದೆ. ಅದನ್ನು ಫಾರಂ ತುಂಬಿಸುವ ಕೆಲಸವಾಗಿ ಮುಗಿಸಬೇಡಿ. ಅಂಗನವಾಡಿ ಕಾರ್ಯಕರ್ತೆ, ಮೆಡಿಕಲ್ ಸ್ಟೋರಿನವರು, ಆಟೊ ಸ್ಟ್ಯಾಂಡಿನ ಹಿರಿಯರು, ಒಂಟಿಯಾಗಿರುವ ವೃದ್ಧರು, ಹೈಸ್ಕೂಲಿನ ದೈಹಿಕ ಶಿಕ್ಷಕರು: ಇಷ್ಟು ಜನರ ಹೆಸರು ನಿಮಗೆ, ನಿಮ್ಮ ಹೆಸರು ಅವರಿಗೆ ಗೊತ್ತಿರಲಿ.

ಗಣೇಶ ವಿಸರ್ಜನೆಯ ರಾತ್ರಿ ಗುಂಪು ಬಿಸಿಯಾದಾಗ ಇದರ ಫಲ ಕಾಣುತ್ತದೆ. “ಏಯ್ ಪೊಲೀಸ್” ಎಂದು ಎಗರಿ ಬರುವವರ ನಡುವೆ ಒಬ್ಬ “ನಮ್ಮ ಬೀಟ್ ಸಾಹೇಬ್ರು, ಸುಮ್ನಿರ್ರೋ” ಎನ್ನುತ್ತಾನೆ. ಆ ಒಬ್ಬನನ್ನು ಗಳಿಸಲು ವರ್ಷವಿಡೀ ನಡೆಯಬೇಕು.

8. ಜೇಬಿನಲ್ಲೊಂದು ಜಮಾ ಪುಸ್ತಕ ಇಡಿ

ಪೊಲೀಸ್ ಕೆಲಸದ ಒಂದು ವಿಚಿತ್ರ: ಚೆನ್ನಾಗಿ ಮಾಡಿದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಗಸ್ತಿನಿಂದಾಗಿ ತಪ್ಪಿದ ಕಳ್ಳತನ ಯಾವ ಪತ್ರಿಕೆಯಲ್ಲೂ ಬರದು. ಮಾತಿನಲ್ಲೇ ಬಗೆಹರಿದ ಗಡಿ ಜಗಳಕ್ಕೆ ಕ್ರೈಂ ನಂಬರ್ ಇಲ್ಲ. ನಡೆದ ಒಂದು ಅಪರಾಧ ಮಾತ್ರ ಎಲ್ಲರಿಗೂ ಕಾಣುತ್ತದೆ. ಲೆಕ್ಕ ಹೀಗಿರುವಾಗ ಊರಿನವರ ನೆನಪನ್ನು ನಂಬಿ ಕೂತರೆ ನಿಮ್ಮ ಖಾತೆ ಯಾವಾಗಲೂ ಖಾಲಿಯೇ.

ಸ್ಟೇಷನ್ ಡೈರಿ ಇಲಾಖೆಗೆ. ನಿಮಗಾಗಿ ಒಂದು ಚಿಕ್ಕ ಪುಸ್ತಕ ಬೇರೆ ಇಡಿ. ಹೆಸರು, ಗೋಪ್ಯ ವಿವರ ಬೇಡ, ಒಂದು ಸಾಲು ಸಾಕು. ಸಿಇಐಆರ್ ಪೋರ್ಟಲ್ ಮೂಲಕ ಪತ್ತೆಯಾದ ಮೊಬೈಲನ್ನು ಕಾಲೇಜು ಹುಡುಗಿಗೆ ಕೊಟ್ಟದ್ದು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ತಾಯಿಗೆ ಒಪ್ಪಿಸಿದ್ದು. ಸೈಬರ್ ವಂಚನೆಯಾದ ತಕ್ಷಣ 1930ಕ್ಕೆ ಕರೆ ಮಾಡಿಸಿ ಹಣ ತಡೆಹಿಡಿಸಿದ್ದು. 112ರ ಕರೆಗೆ ಓಡಿ ಕುಡುಕ ಗಂಡನಿಂದ ಹೆಂಡತಿಯನ್ನು ಕಾಪಾಡಿದ್ದು. “ನಾನು ಏನು ಮಾಡ್ತಿದ್ದೀನಿ ಇಲ್ಲಿ?” ಎಂಬ ಪ್ರಶ್ನೆ ಎದ್ದ ರಾತ್ರಿ ಆ ಪುಸ್ತಕ ತೆರೆಯಿರಿ. ಉತ್ತರ ನಿಮ್ಮದೇ ಅಕ್ಷರದಲ್ಲಿರುತ್ತದೆ.

9. ಹುದ್ದೆ ಚಿಕ್ಕದೆಂದು ಕುಗ್ಗಬೇಡಿ, ಕಲಿಯುವುದನ್ನು ನಿಲ್ಲಿಸಬೇಡಿ

2008ರ ನವೆಂಬರ್ 26ರ ರಾತ್ರಿ ಮುಂಬೈನ ಗಿರ್ಗಾಂವ್ ಚೌಪಾಟಿಯಲ್ಲಿ ಉಗ್ರ ಕಸಬ್‌ನ ಎ.ಕೆ. 47 ನಳಿಗೆಯನ್ನು ತಬ್ಬಿ ಹಿಡಿದವರು ಒಬ್ಬ ಎಎಸ್‌ಐ, ತುಕಾರಾಮ್ ಓಂಬ್ಳೆ. ಕೈಯಲ್ಲಿದ್ದದ್ದು ಲಾಠಿ. ಗುಂಡುಗಳನ್ನು ತಾವು ತಿಂದು ಅವನನ್ನು ಜೀವಂತ ಹಿಡಿಸಿಕೊಟ್ಟರು. ಆ ಒಂದು ಹಿಡಿತದಿಂದಾಗಿ ದಾಳಿಯ ಸಂಚು ನ್ಯಾಯಾಲಯದಲ್ಲಿ ಬಿಚ್ಚಿಕೊಂಡಿತು. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ನಮ್ಮ ಕಲಬುರಗಿಯಲ್ಲಿ 2014ರ ಜನವರಿಯಲ್ಲಿ ರೌಡಿಯ ಗುಂಡಿಗೆ ಎದೆಯೊಡ್ಡಿ ಪ್ರಾಣ ಕೊಟ್ಟ ಮಲ್ಲಿಕಾರ್ಜುನ ಬಂಡೆ ಪಿಎಸ್‌ಐ ಆಗಿದ್ದವರು. ಪ್ರತಿ ಅಕ್ಟೋಬರ್ 21ರಂದು ಪರೇಡ್ ಮೈದಾನದಲ್ಲಿ ಓದುವ ಹುತಾತ್ಮರ ಪಟ್ಟಿಯನ್ನು ಕಿವಿಗೊಟ್ಟು ಕೇಳಿ: ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್ ಎಂಬ ಪದಗಳೇ ಮತ್ತೆ ಮತ್ತೆ ಬರುತ್ತವೆ.

ಎಲ್ಲರಿಗೂ ಅಂಥ ರಾತ್ರಿ ಬರುವುದಿಲ್ಲ, ಬರದಿರಲಿ. ದಿನನಿತ್ಯದ ಹುರುಪಿಗೆ ಕಲಿಕೆ ಬೇಕು. ಬಿಟ್ಟ ಪದವಿಯನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಮುಗಿಸಿ, ಸೇವಾನಿರತರ ಕೋಟಾದಲ್ಲಿ ಪಿಎಸ್‌ಐ ಪರೀಕ್ಷೆಗೆ ಓದಿ, ಸೈಬರ್ ತನಿಖೆಯನ್ನೋ ಬೆರಳಚ್ಚನ್ನೋ ಕೈವಶ ಮಾಡಿಕೊಳ್ಳಿ. “ಆ ಕೆಲಸಕ್ಕೆ ಅವರನ್ನೇ ಕರೀರಿ” ಎಂದು ಠಾಣೆ ನಿಮ್ಮ ಹೆಸರು ಹೇಳುವಂಥದ್ದು ಒಂದಾದರೂ ಇರಲಿ.

10. ನಿದ್ದೆಯ ಸಾಲ ತೀರಿಸಿ

ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ 2019ರಲ್ಲಿ ಹೊರತಂದ ವರದಿಯ ಪ್ರಕಾರ ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. 14 ಗಂಟೆ ನಿಂತವರಿಗೆ ಸಣ್ಣ ಮಾತೂ ದೊಡ್ಡ ಅವಮಾನವಾಗಿ ಕೇಳಿಸುತ್ತದೆ. ಕೆಲಸವೇ ಬೇಡ ಅನ್ನಿಸಿದಾಗ ರಾಜೀನಾಮೆಯ ಮಾತು ಆಮೇಲೆ, ಮೊದಲು ಒಂದು ಪೂರ್ತಿ ನಿದ್ದೆ ಮಾಡಿ.

ಬಂದೋಬಸ್ತ್‌ಗೆ ಹೊರಡುವಾಗ ನೀರಿನ ಬಾಟಲಿ, ಹುರಿಗಡಲೆ, ಒಂದು ಬಾಳೆಹಣ್ಣು ಚೀಲದಲ್ಲಿರಲಿ. ಊಟದ ಪೊಟ್ಟಣ ಯಾವಾಗ ಬರುತ್ತದೋ ಹೇಳಲಾಗದು. ಟ್ರಾಫಿಕ್‌ನವರು ಮಾಸ್ಕ್ ಮರೆಯಬೇಡಿ. ಬಿಪಿ, ಶುಗರ್, ಮಂಡಿ ನೋವನ್ನು ‘ವಯಸ್ಸಾಯ್ತು’ ಎಂದು ತಳ್ಳದೆ ಆರೋಗ್ಯ ಭಾಗ್ಯ ಯೋಜನೆಯಡಿ ತೋರಿಸಿಕೊಳ್ಳಿ. ಮಹಿಳಾ ಸಿಬ್ಬಂದಿ ಶೌಚಾಲಯ ಸಿಗದೆಂದು ನೀರು ಕುಡಿಯುವುದನ್ನೇ ಬಿಡುವುದುಂಟು. ಬಂದೋಬಸ್ತ್ ಯೋಜನೆ ಬರೆಯುವ ಅಧಿಕಾರಿ ಬ್ಯಾರಿಕೇಡ್ ಲೆಕ್ಕ ಹಾಕುವಾಗಲೇ ಶೌಚಾಲಯದ ಲೆಕ್ಕವನ್ನೂ ಹಾಕಬೇಕು. ಅದನ್ನು ಕೇಳಲು ಸಂಕೋಚಪಡಬೇಡಿ.

11. ಖಾಕಿ ಕಳಚಿದ ಮೇಲೂ ಒಬ್ಬ ಮನುಷ್ಯ ಉಳಿದಿರಲಿ

ಮನೆಯಲ್ಲಿ ಮಕ್ಕಳನ್ನು ವಿಚಾರಣೆಯ ದನಿಯಲ್ಲಿ ಮಾತಾಡಿಸುತ್ತಿದ್ದೀರಿ ಎಂದಾದರೆ ಡ್ಯೂಟಿ ಹೊಸಿಲು ದಾಟಿ ಒಳಗೆ ಬಂದಿದೆ ಎಂದರ್ಥ. ಕ್ವಾರ್ಟರ್ಸ್‌ನಲ್ಲಿ ಅಕ್ಕಪಕ್ಕ ಎಲ್ಲರೂ ಇಲಾಖೆಯವರೇ, ಮಾತೆಲ್ಲ ವರ್ಗಾವಣೆ ಮತ್ತು ಮೆಮೊ. ವಾಲಿಬಾಲ್, ಭಜನೆ, ಹವ್ಯಾಸಿ ನಾಟಕ, ಊರಿನ ಗದ್ದೆ: ಯಾವುದಾದರೂ ಒಂದು ಕಡೆ ನಿಮ್ಮನ್ನು ರ‍್ಯಾಂಕ್ ಇಲ್ಲದೆ ಗುರುತಿಸುವ ಗೆಳೆಯರಿರಲಿ. ಸಮವಸ್ತ್ರಕ್ಕೆ ಬಿದ್ದ ಏಟು ಅಲ್ಲಿಯವರೆಗೆ ತಲುಪುವುದಿಲ್ಲ.

ಶವ, ಅಪಘಾತ, ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳು ಮನಸ್ಸಿನಲ್ಲಿ ಕಲೆ ಉಳಿಸುತ್ತವೆ. ನಿದ್ದೆ ಬಾರದಿದ್ದರೆ, ಕುಡಿತ ಏರುತ್ತಿದ್ದರೆ, ಬದುಕೇ ಬೇಡ ಅನ್ನಿಸಿದರೆ ಮುಚ್ಚಿಡಬೇಡಿ. 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಂಥ ದಿನಗಳಲ್ಲಿ “ಸ್ವಲ್ಪ ದಿನ ಗನ್ ಡ್ಯೂಟಿ ಬೇಡ ಸರ್” ಎಂದು ಕೇಳುವುದು ಹೊಣೆಯರಿತವರ ಮಾತು. ಹಾಗೆ ಕೇಳಿದವರನ್ನು ಹಂಗಿಸುವ ಠಾಣೆ ತಲೆ ತಗ್ಗಿಸಬೇಕು.

12. ಒಳಗಿನ ಮರ್ಯಾದೆ ಮೊದಲು

ಬೀದಿಯ ಅಪರಿಚಿತ ಬೈದರೆ ಸಂಜೆಗೆ ಮರೆತುಹೋಗುತ್ತದೆ. ರೋಲ್ ಕಾಲ್‌ನಲ್ಲಿ ಎಲ್ಲರೆದುರು ಮೇಲಧಿಕಾರಿ ಹಂಗಿಸಿದ್ದು ವರ್ಷವಾದರೂ ಮರೆಯುವುದಿಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ರಾಜ್ಯದ ಪೊಲೀಸರು ಮುಂದಾದಾಗ ಅವರು ಹೇಳಿಕೊಂಡ ನೋವು ಬಹುತೇಕ ಒಳಗಿನದೇ: ಸಂಬಳ, ರಜೆ, ಕಿರುಕುಳ. ವೇತನದ ಪ್ರಶ್ನೆ ಔರಾದ್ಕರ್ ಸಮಿತಿಯವರೆಗೆ ಹೋಯಿತು. ಉಳಿದವು ಇನ್ನೂ ಠಾಣೆ ಠಾಣೆಯಲ್ಲಿವೆ. 1966ರ ಕೇಂದ್ರ ಕಾಯ್ದೆಯಿಂದಾಗಿ ಬೇರೆ ನೌಕರರಂತೆ ಸಂಘ ಕಟ್ಟುವ ಸ್ವಾತಂತ್ರ್ಯ ಪೊಲೀಸರಿಗಿಲ್ಲ. ಹಾಗಾಗಿ ಅವರ ಅಳಲು ಕೇಳುವ ಹೊಣೆ ಮೇಲಿನವರ ಮೇಲೆ ಇಮ್ಮಡಿ.

ನೀವು ಪಿಎಸ್‌ಐ ಅಥವಾ ಇನ್‌ಸ್ಪೆಕ್ಟರ್ ಆಗಿದ್ದರೆ ಬೈಯುವುದನ್ನು ಕೋಣೆಯೊಳಗೆ ಮುಗಿಸಿ, ಹೊಗಳುವುದನ್ನು ರೋಲ್ ಕಾಲ್‌ನಲ್ಲಿ ಮಾಡಿ. ವಾರದ ರಜೆಯನ್ನು ದಯೆಯಂತೆ ಕೊಡಬೇಡಿ, ಪಟ್ಟಿ ಹಾಕಿ ಕೊಡಿ. ಒಳ್ಳೆ ಕೆಲಸ ಮಾಡಿದವರ ಸೇವಾ ಪುಸ್ತಕಕ್ಕೆ ಜಿಎಸ್‌ಇ (ಗುಡ್ ಸರ್ವಿಸ್ ಎಂಟ್ರಿ) ಬರೆಯಲು ಉದಾಸೀನ ಬೇಡ. ಸಾಹೇಬರಿಂದ ಬಹುವಚನ ಕೇಳಿಸಿಕೊಂಡ ಕಾನ್‌ಸ್ಟೇಬಲ್‌ಗೆ ಜನರನ್ನು ಬಹುವಚನದಲ್ಲಿ ಮಾತಾಡಿಸಲು ತರಬೇತಿ ಬೇಕಾಗುವುದಿಲ್ಲ.

ನಾಳೆಯ ರೋಲ್ ಕಾಲ್‌ಗೆ ಮುನ್ನ

ಹನ್ನೆರಡನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನಾಳೆ ಮೂರು ಮಾಡಿ. ಹತ್ತು ರೂಪಾಯಿಯ ನೋಟ್‌ಬುಕ್ ಕೊಂಡು ಕಳೆದ ತಿಂಗಳ ಒಂದು ಒಳ್ಳೆಯ ಕೆಲಸ ಬರೆಯಿರಿ. ಬಾಕಿ ಇರುವ ಕೇಸುಗಳಲ್ಲಿ ಒಬ್ಬ ದೂರುದಾರರಿಗೆ, ಅವರು ಕೇಳುವ ಮೊದಲೇ, ತನಿಖಾಧಿಕಾರಿಯಿಂದ ಫೋನ್ ಹೋಗುವಂತೆ ನೋಡಿಕೊಳ್ಳಿ. ಬೀಟ್‌ನಲ್ಲಿ ಈವರೆಗೆ ಮಾತಾಡಿಸದ ಒಬ್ಬರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ ಬನ್ನಿ.

ಅಷ್ಟಾದ ಮೇಲೂ ಸರ್ಕಲ್‌ನಲ್ಲಿ ಯಾರೋ ಗೊಣಗಿಯೇ ಗೊಣಗುತ್ತಾರೆ. ಗೊಣಗಲಿ. ಅವರ ಮನೆಗೆ ಕಳ್ಳ ನುಗ್ಗಿದ ರಾತ್ರಿ ಅವರು ಒತ್ತುವುದು 112ನ್ನೇ, ಹೋಗಬೇಕಾದವರು ನೀವೇ. ದೂರು ಕೊಡಲು ಅವರು ಠಾಣೆಗೆ ಬಂದಾಗ ಕುರ್ಚಿ ಕೊಟ್ಟು, ನೀರು ಕೊಟ್ಟು, “ಏನಾಯ್ತು ಹೇಳಿ” ಎಂದು ಕೇಳಿ.